ಮೂರು ಹಸುವಿನ ಮನೆ: ಬೆಳಗಿನ ಐದರಿಂದ ರಾತ್ರಿ ಒಂಬತ್ತರವರೆಗೆ

ಕೊಟ್ಟಿಗೆಯ ಲೈಟ್ ಹಾಕುವ ಮೊದಲು ಒಂದು ನಿಮಿಷ ಬಾಗಿಲಲ್ಲೇ ನಿಲ್ಲಿ. ಒಳಗೆ ಮೆಲುಕು ಹಾಕುವ ಸದ್ದು ಕೇಳುತ್ತಿದೆಯಾ? ಎರಡು ಹಸು ಮಲಗಿ ಮೆಲುಕು ಹಾಕುತ್ತಿದ್ದು, ಒಂದು ಮಾತ್ರ ತಲೆ ತಗ್ಗಿಸಿ ಸುಮ್ನೆ ನಿಂತಿದ್ದರೆ, ಇವತ್ತು ಮೊದಲು ಆ ಹಸುವನ್ನು ನೋಡಿ. ಹಾಲು ಆಮೇಲೆ. ಇದನ್ನು ನನಗೆ ಕಲಿಸಿದ್ದು ನಮ್ಮ ಅತ್ತೆ. ಮದುವೆಯಾಗಿ ಬಂದ ಹೊಸದರಲ್ಲಿ ಅವರು ಕತ್ತಲಲ್ಲಿ ಯಾಕೆ ನಿಲ್ಲುತ್ತಾರೆ ಅಂತ ನನಗೆ ಗೊತ್ತಾಗುತ್ತಿರಲಿಲ್ಲ.

ನಾವು ನಾಗಮಂಗಲದ ಕಡೆಯವರು. ಮಳೆ ನಂಬಿದ ರಾಗಿ ಹೊಲ, ಒಂದಿಷ್ಟು ತೆಂಗು, ಒಂದು ಬೋರ್‌ವೆಲ್. ಕೊಟ್ಟಿಗೆಯಲ್ಲಿ ಮೂರು ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್) ಕ್ರಾಸ್ ಹಸು, ಒಂದೆರಡು ಕರು. ಊರಿಗೆ ವಾಪಸ್ ಬಂದು ಹಸು ಕಟ್ಟಬೇಕು ಅನ್ನುವ ಹುಡುಗರು ಮೊದಲು ಕೇಳುವುದು ಯಾವ ತಳಿ, ಎಷ್ಟು ಲೀಟರ್ ಅಂತ. ಎರಡು ಮೂರು ಹಸುವಿನ ಮನೆಯಲ್ಲಿ ದುಡ್ಡು ಉಳಿಯುವುದು ಹೊತ್ತಿಗೆ ಸರಿಯಾಗಿ ಕೆಲಸ ಮಾಡುವುದರಿಂದ, ಮತ್ತು ಬದಲಾವಣೆಯನ್ನು ಆ ದಿನವೇ ಕಂಡುಹಿಡಿಯುವುದರಿಂದ. ತಳಿ ಒಳ್ಳೆಯದಿದ್ದೂ ಇವೆರಡು ತಪ್ಪಿ ಹಸು ಮಾರಿದ ಮನೆಗಳನ್ನು ನಾನು ನೋಡಿದ್ದೇನೆ. ಅದಕ್ಕೇ ಈ ಲೇಖನವನ್ನು ಗಂಟೆಯ ಲೆಕ್ಕದಲ್ಲಿ ಬರೆಯುತ್ತಿದ್ದೇನೆ.

ಐದು ಗಂಟೆ: ಮೊದಲು ನೋಡಿ, ಆಮೇಲೆ ಗುಡಿಸಿ

ಲೈಟ್ ಹಾಕಿದ ಮೇಲೆ ಪ್ರತಿ ಹಸುವಿನ ಮೂತಿ ಮುಟ್ಟಿ. ಆರೋಗ್ಯವಾಗಿರುವ ಹಸುವಿನ ಮೂತಿಯ ಮೇಲೆ ಸಣ್ಣ ಸಣ್ಣ ಬೆವರ ಹನಿ ಇರುತ್ತದೆ. ಮೂತಿ ಒಣಗಿ, ಕಿವಿ ಬಿಸಿಯಾಗಿದ್ದರೆ ಜ್ವರ ಅಂತ ಅನುಮಾನ ಪಡಿ. ಮನೆಯಲ್ಲಿ ಒಂದು ಥರ್ಮಾಮೀಟರ್ ಇಟ್ಟುಕೊಳ್ಳಿ. ಹಸುವಿನ ಮೈ ಬಿಸಿ ಸುಮಾರು 101.5 ಡಿಗ್ರಿ ಫ್ಯಾರನ್‌ಹೀಟ್ ಇರಬೇಕು. 103 ದಾಟಿದರೆ ಡಾಕ್ಟರಿಗೆ ಫೋನ್ ಮಾಡಿ.

ಆಮೇಲೆ ನೆಲ ನೋಡಿ. ಸಗಣಿ ನೀರಾಗಿದೆಯಾ, ಗಟ್ಟಿ ಉಂಡೆಯಾಗಿದೆಯಾ, ಜೀರ್ಣವಾಗದ ಕಾಳು ಬಿದ್ದಿದೆಯಾ? ಗಂಜಲ ಕಾಫಿ ಬಣ್ಣಕ್ಕೆ ತಿರುಗಿದ್ದರೆ ಒಂದು ಗಂಟೆಯೂ ಕಾಯಬೇಡಿ. ಅದು ಉಣ್ಣೆಯಿಂದ ಬರುವ ರಕ್ತದ ರೋಗ ಇರಬಹುದು. ಗೊಂತಿನಲ್ಲಿ ರಾತ್ರಿಯ ಹುಲ್ಲು ಉಳಿದಿದೆಯಾ ನೋಡಿ. ದಿನಾ ನೆಕ್ಕಿ ಖಾಲಿ ಮಾಡುವ ಹಸು ಅರ್ಧ ಬಿಟ್ಟಿದ್ದರೆ ಅದೂ ಒಂದು ಸುದ್ದಿಯೇ.

ಇದೆಲ್ಲ ಬರೆಯುವುದಕ್ಕೆ ಉದ್ದ. ಮಾಡುವುದಕ್ಕೆ ಐದು ನಿಮಿಷ ಸಾಕು. ನಂತರ ಸಗಣಿ ಬಾಚಿ ನೆಲ ತೊಳೆಯಿರಿ. ಹಾಲು ಕರೆಯುವ ಹೊತ್ತಿನಲ್ಲಿ ಒಣಹುಲ್ಲು ಉದುರಿಸಬೇಡಿ, ಆ ಧೂಳೆಲ್ಲ ಪಾತ್ರೆಗೇ ಬೀಳುತ್ತದೆ.

ಐದೂವರೆ: ಹಾಲು ಕರೆಯುವುದು

ಇಲ್ಲಿ ಒಂದೊಂದು ಹೆಜ್ಜೆಯೂ ಮುಖ್ಯ.

1. ಕೈ ಸೋಪಿನಿಂದ ತೊಳೆಯಿರಿ. ಉಗುರು ಉದ್ದ ಇರಬಾರದು.

2. ಕೆಚ್ಚಲನ್ನು ಉಗುರುಬೆಚ್ಚಗಿನ ನೀರಿನಿಂದ ತೊಳೆದು ಬಟ್ಟೆಯಿಂದ ಪೂರ್ತಿ ಒರೆಸಿ. ಒಂದೊಂದು ಹಸುವಿಗೆ ಒಂದೊಂದು ಬಟ್ಟೆ. ಒದ್ದೆ ಕೆಚ್ಚಲಿನಿಂದ ಇಳಿಯುವ ನೀರು ಕೊಳೆಯನ್ನೂ ಹೊತ್ತುಕೊಂಡೇ ಪಾತ್ರೆಗೆ ಬೀಳುತ್ತದೆ.

3. ನಾಲ್ಕೂ ಮೊಲೆಯಿಂದ ಮೊದಲ ಎರಡು ಮೂರು ಧಾರೆಯನ್ನು ಕಪ್ಪು ತಟ್ಟೆಗೆ ಕರೆಯಿರಿ. ಕಪ್ಪು ತಟ್ಟೆ ಇಲ್ಲದಿದ್ದರೆ ಲೋಟದ ಬಾಯಿಗೆ ಕಪ್ಪು ಬಟ್ಟೆ ಕಟ್ಟಿ. ಹಾಲಿನಲ್ಲಿ ಮೊಸರಿನ ಚೂರಿನಂಥದ್ದು, ದಾರದಂಥದ್ದು, ರಕ್ತದ ಎಳೆ ಕಂಡರೆ ಕೆಚ್ಚಲು ಬಾವಿನ ಮೊದಲ ಗುರುತು. ಈ ಹಾಲನ್ನು ನೆಲಕ್ಕೆ ಚೆಲ್ಲಬೇಡಿ, ರೋಗ ಇನ್ನೊಂದು ಹಸುವಿಗೆ ಹೋಗುತ್ತದೆ.

4. ಕೆಚ್ಚಲನ್ನು ಮೆಲ್ಲಗೆ ಸವರಿದರೆ ಒಂದು ನಿಮಿಷದಲ್ಲಿ ಹಸು ತೊರೆ ಬಿಡುತ್ತದೆ, ಹಾಲು ಮೊಲೆಗೆ ಇಳಿಯುತ್ತದೆ. ಅದು ಇಳಿಯುವುದು ಆರೇಳು ನಿಮಿಷ ಮಾತ್ರ. ಅಷ್ಟರೊಳಗೆ ಕರೆದು ಮುಗಿಸಬೇಕು. ಮಧ್ಯೆ ಎದ್ದು ಫೋನ್ ಎತ್ತಿ ಮಾತಾಡಿ ಬಂದರೆ ಅರ್ಧ ಹಾಲು ಒಳಗೇ ಉಳಿಯುತ್ತದೆ. ಗಲಾಟೆ, ಹೊಡೆತ, ಹೊಸಬರು ಬಂದು ನಿಲ್ಲುವುದು, ಇವೂ ತೊರೆ ನಿಲ್ಲಿಸುತ್ತವೆ.

5. ಹೆಬ್ಬೆರಳು ಮಡಚಿ ಅದರ ಗೆಣ್ಣಿನಿಂದ ಒತ್ತಿ ಎಳೆಯುವುದು ನಮ್ಮ ಕಡೆಯ ಹಳೇ ಅಭ್ಯಾಸ. ಅದರಿಂದ ಮೊಲೆಯ ಒಳಗೆ ಗಾಯವಾಗುತ್ತದೆ. ಪೂರ್ತಿ ಮುಷ್ಟಿಯಲ್ಲಿ ಹಿಡಿದು, ಮೇಲಿನ ಬೆರಳಿನಿಂದ ಕೆಳಕ್ಕೆ ಒಂದೊಂದಾಗಿ ಬಿಗಿ ಮಾಡುತ್ತಾ ಬನ್ನಿ. ಮೊದಲ ವಾರ ಕೈ ನೋಯುತ್ತದೆ, ಆಮೇಲೆ ರೂಢಿಯಾಗುತ್ತದೆ.

6. ಮುಗಿದ ಮೇಲೆ ನಾಲ್ಕೂ ಮೊಲೆಯನ್ನು ಅಯೋಡಿನ್ ದ್ರಾವಣದಲ್ಲಿ ಅದ್ದಿ ತೆಗೆಯಿರಿ. ಕರೆದ ಮೇಲೆ ಮೊಲೆಯ ತೂತು ಅರ್ಧ ಗಂಟೆಗೂ ಜಾಸ್ತಿ ಹೊತ್ತು ತೆರೆದೇ ಇರುತ್ತದೆ. ಆಗ ಹಸು ಸಗಣಿಯಲ್ಲಿ ಮಲಗಿದರೆ ರೋಗಕ್ಕೆ ಬಾಗಿಲು ತೆಗೆದಂತೆ. ಅದಕ್ಕೇ ಹಸಿ ಮೇವು ಹಾಕುವುದನ್ನು ಈ ಹೊತ್ತಿಗೆ ಇಟ್ಟುಕೊಳ್ಳಿ. ತಿನ್ನುತ್ತಾ ನಿಂತಿರುತ್ತದೆ.

ಮೂರನೇ ಹೆಜ್ಜೆಯನ್ನು ನಾನು ಒಂದು ಸಲ ಬಿಟ್ಟಿದ್ದೆ. ಮನೆಯಲ್ಲಿ ನೆಂಟರಿದ್ದರು, ಎರಡು ದಿನ ತಟ್ಟೆ ಹಿಡಿಯಲಿಲ್ಲ. ಮೂರನೇ ದಿನ ಗೌರಿಯ ಹಿಂದಿನ ಎಡಗಡೆಯ ಕೆಚ್ಚಲು ಕಲ್ಲಿನಂತಾಗಿತ್ತು. ಮುಟ್ಟಿದರೆ ಕಾಲು ಎತ್ತುತ್ತಿದ್ದಳು. ಡಾಕ್ಟರ್ ಬಂದು ಐದು ದಿನ ಇಂಜೆಕ್ಷನ್ ಕೊಟ್ಟರು. ಹಸು ಉಳಿಯಿತು, ಆ ಮೊಲೆ ಬತ್ತಿಹೋಯಿತು. ಇವತ್ತಿಗೂ ಗೌರಿ ಮೂರು ಮೊಲೆಯಲ್ಲೇ ಹಾಲು ಕೊಡುತ್ತಾಳೆ. ನಾಲ್ಕನೆಯದರ ಮೇಲೆ ಕೈ ಹೋದಾಗಲೆಲ್ಲ ನನಗೆ ಆ ಎರಡು ದಿನ ನೆನಪಾಗುತ್ತವೆ.

ಕಣ್ಣಿಗೆ ಕಾಣದ ಬಾವನ್ನೂ ಮನೆಯಲ್ಲೇ ಕಂಡುಹಿಡಿಯಬಹುದು. ಅರ್ಧ ಲೀಟರ್ ನೀರಿಗೆ 15 ಗ್ರಾಂ ಬಟ್ಟೆ ಒಗೆಯುವ ಪುಡಿ ಕಲಸಿ. ಒಂದೊಂದು ಮೊಲೆಯ ಹಾಲನ್ನು ಬೇರೆ ಬೇರೆ ಬಟ್ಟಲಿಗೆ ತೆಗೆದು, ಅಷ್ಟೇ ಅಳತೆಯ ಸೋಪಿನ ನೀರು ಸೇರಿಸಿ ಮೆಲ್ಲಗೆ ತಿರುಗಿಸಿ. ಹಾಲು ಲೋಳೆಯಂತೆ ಗಟ್ಟಿಯಾದರೆ ಆ ಮೊಲೆಯಲ್ಲಿ ಬಾವು ಶುರುವಾಗಿದೆ. ತಿಂಗಳಿಗೆ ಎರಡು ಸಲ ಮಾಡಿ. ಶುರುವಿನಲ್ಲೇ ಗೊತ್ತಾದರೆ ಲೋಳೆಸರದ ಮದ್ದು ಉಪಯೋಗಕ್ಕೆ ಬರುತ್ತದೆ. ಬೆಂಗಳೂರಿನ ಟ್ರಾನ್ಸ್‌ಡಿಸಿಪ್ಲಿನರಿ ವಿಶ್ವವಿದ್ಯಾಲಯದವರೂ ರಾಷ್ಟ್ರೀಯ ಡೈರಿ ಅಭಿವೃದ್ಧಿ ಮಂಡಳಿಯವರೂ (ಎನ್‌ಡಿಡಿಬಿ) ಹೇಳಿಕೊಡುವ ಮದ್ದು ಇದು: 250 ಗ್ರಾಂ ಲೋಳೆಸರ, 50 ಗ್ರಾಂ ಅರಿಶಿನ ಪುಡಿ, 15 ಗ್ರಾಂ ಸುಣ್ಣ. ರುಬ್ಬಿ, ಒಂದು ಹಿಡಿ ತೆಗೆದು ನೀರಿನಲ್ಲಿ ತೆಳ್ಳಗೆ ಮಾಡಿ, ಇಡೀ ಕೆಚ್ಚಲಿಗೆ ದಿನಕ್ಕೆ ಎಂಟು ಹತ್ತು ಸಲ ಹಚ್ಚಬೇಕು, ಐದು ದಿನ. ಜ್ವರ ಇದ್ದರೆ, ಹಾಲಿನಲ್ಲಿ ರಕ್ತ ಇದ್ದರೆ ಮಾತ್ರ ಇದನ್ನೇ ನಂಬಿ ಕೂರಬೇಡಿ. ಡಾಕ್ಟರ್ ಬೇಕು.

ಇಂಜೆಕ್ಷನ್ ಕೊಡಿಸಿದ ಹಸುವಿನ ಹಾಲನ್ನು ಡಾಕ್ಟರ್ ಹೇಳಿದಷ್ಟು ದಿನ ಡೈರಿಗೆ ಹಾಕಬೇಡಿ. ನಿಮ್ಮ ಒಂದು ಕ್ಯಾನ್ ಹಾಲು ಇಡೀ ಊರಿನ ಹಾಲಿನ ಜೊತೆ ಸೇರುತ್ತದೆ, ಕೊನೆಗೆ ಯಾರದ್ದೋ ಮಗುವಿನ ಲೋಟಕ್ಕೆ ಹೋಗುತ್ತದೆ.

ಆರೂವರೆ: ಡೈರಿ

ಹಾಲನ್ನು ಒಗೆದ ಬಟ್ಟೆಯಲ್ಲಿ ಶೋಧಿಸಿ, ಸ್ಟೀಲ್ ಕ್ಯಾನಿಗೆ ಹಾಕಿ, ತಡ ಮಾಡದೆ ಹೊರಡಿ. ಪ್ಲಾಸ್ಟಿಕ್ ಬಿಂದಿಗೆ ಬೇಡ. ಎಷ್ಟು ತೊಳೆದರೂ ಹುಳಿ ವಾಸನೆ ಹೋಗುವುದಿಲ್ಲ.

ನಮ್ಮ ಊರಿನ ಸಂಘದ ಹಾಲು ಮಂಡ್ಯ ಒಕ್ಕೂಟಕ್ಕೆ ಹೋಗಿ ನಂದಿನಿ ಆಗುತ್ತದೆ. ಡೈರಿಯಲ್ಲಿ ಅಳೆಯುವುದು ಎರಡು, ಫ್ಯಾಟ್ ಮತ್ತು ಎಸ್‌ಎನ್‌ಎಫ್. ಫ್ಯಾಟ್ ಅಂದರೆ ಹಾಲಿನ ಕೊಬ್ಬು. ಎಸ್‌ಎನ್‌ಎಫ್ ಅಂದರೆ ಕೊಬ್ಬು ಬಿಟ್ಟು ಉಳಿದ ಗಟ್ಟಿ ಅಂಶ. ಹಸುವಿನ ಹಾಲು ಫ್ಯಾಟ್ 3.5, ಎಸ್‌ಎನ್‌ಎಫ್ 8.5ರ ಆಸುಪಾಸು ಇರಬೇಕು.

ಫ್ಯಾಟ್ ಕಡಿಮೆ ಬಂತು ಅಂತ ಸೆಕ್ರೆಟರಿ ಜೊತೆ ಜಗಳಕ್ಕೆ ನಿಲ್ಲುವ ಮೊದಲು ಕೊಟ್ಟಿಗೆಯಲ್ಲಿ ಕಾರಣ ಹುಡುಕಿ. ಮೊದಲ ಧಾರೆಯಲ್ಲಿ ಕೊಬ್ಬು ತುಂಬಾ ಕಡಿಮೆ, ಕೊನೆಯ ಧಾರೆಯಲ್ಲಿ ತುಂಬಾ ಜಾಸ್ತಿ. ಅವಸರದಲ್ಲಿ ಕೊನೆಯ ಹಾಲು ಬಿಟ್ಟು ಎದ್ದರೆ ಫ್ಯಾಟ್ ಕೆಚ್ಚಲಲ್ಲೇ ಉಳಿಯಿತು. ಕೊನೆಯಲ್ಲಿ ಕರುವನ್ನು ಬಿಡುವ ಮನೆಗಳಲ್ಲಿ ಗಟ್ಟಿ ಹಾಲೆಲ್ಲ ಕರುವಿಗೆ ಹೋಗುತ್ತದೆ. ಕರುವಿನ ಪಾಲನ್ನು ಅಳೆದು ಬಕೆಟ್ಟಿನಲ್ಲಿ ಕುಡಿಸಿದರೆ ಎರಡೂ ಕಡೆ ನ್ಯಾಯ. ಹಸುವಿಗೆ ಒಣಹುಲ್ಲು ಕಡಿಮೆ ಮಾಡಿ ಬರೀ ಎಳೆ ಹಸಿ ಹುಲ್ಲು, ತಿಂಡಿ (ಪಶು ಆಹಾರ) ಕೊಟ್ಟರೂ ಫ್ಯಾಟ್ ಇಳಿಯುತ್ತದೆ. ರಾಗಿ ಹುಲ್ಲು ಸರಿಯಾಗಿ ಹಾಕಿ ನೋಡಿ, ಒಂದೆರಡು ವಾರದಲ್ಲಿ ಚೀಟಿಯಲ್ಲೇ ಕಾಣುತ್ತದೆ.

ಇನ್ನೊಂದು ಮಾತು. ಕೊಟ್ಟಿಗೆಯ ಕೆಲಸ ಬಹಳ ಮನೆಗಳಲ್ಲಿ ಹೆಂಗಸರದ್ದು, ಸಂಘದ ಸದಸ್ಯತ್ವ ಮತ್ತು ಬ್ಯಾಂಕ್ ಖಾತೆ ಗಂಡಸರ ಹೆಸರಲ್ಲಿ. ಸದಸ್ಯತ್ವವನ್ನು ಕೆಲಸ ಮಾಡುವವರ ಹೆಸರಿಗೆ ಮಾಡಿಸಿ. ಬಟವಾಡೆ ದುಡ್ಡು ಅವರ ಖಾತೆಗೇ ಬರಲಿ. ನಾನು ಇದನ್ನು ಮಾಡಿಸಿದ್ದು ಹಸು ಕಟ್ಟಿ ಆರು ವರ್ಷದ ಮೇಲೆ. ಮೊದಲೇ ಮಾಡಿಸಬೇಕಿತ್ತು. ಲೀಟರಿಗೆ ಇಷ್ಟು ಅಂತ ಸರ್ಕಾರ ಕೊಡುವ ಪ್ರೋತ್ಸಾಹಧನ ಬೇರೆಯಾಗಿ ಖಾತೆಗೆ ಬರುತ್ತದೆ. ಅದನ್ನು ತಿಂಗಳ ಖರ್ಚಿನ ಲೆಕ್ಕಕ್ಕೆ ಸೇರಿಸಬೇಡಿ, ಬಂದಾಗ ಬೇರೆ ಬರೆದುಕೊಳ್ಳಿ.

ಎಂಟು ಗಂಟೆ: ಮೇವಿನ ಲೆಕ್ಕ

ಖರ್ಚು ಸೋರುವುದು ಇಲ್ಲೇ. ಕಣ್ಣಳತೆಯಲ್ಲಿ ಬೊಗಸೆ ತುಂಬಿ ತಿಂಡಿ ಹಾಕುವುದನ್ನು ಬಿಟ್ಟು ಒಂದು ತಕ್ಕಡಿ ತನ್ನಿ. ಲೆಕ್ಕ ಸುಲಭ. ಹಸುವಿನ ಮೈಗೆ ದಿನಕ್ಕೆ 2 ಕೆಜಿ ಪಶು ಆಹಾರ. ಅದರ ಮೇಲೆ ಕೊಡುವ ಪ್ರತಿ ಲೀಟರ್ ಹಾಲಿಗೆ 400 ಗ್ರಾಂ. ದಿನಕ್ಕೆ 10 ಲೀಟರ್ ಕೊಡುವ ಹಸುವಿಗೆ 2 ಮತ್ತು 4, ಒಟ್ಟು 6 ಕೆಜಿ. ಬೆಳಿಗ್ಗೆ 3, ಸಂಜೆ 3. ಐದು ಲೀಟರಿಗೆ ಇಳಿದ ಹಸುವಿಗೂ ಆರು ಕೆಜಿ ಹಾಕುತ್ತಿದ್ದರೆ ಆ ತಿಂಡಿಯ ದುಡ್ಡು ನಿಮಗೆ ವಾಪಸ್ ಬರುವುದಿಲ್ಲ. ಇದರ ಜೊತೆ ದಿನಕ್ಕೆ 50 ಗ್ರಾಂ ಖನಿಜ ಮಿಶ್ರಣ. ಅದನ್ನು ತಪ್ಪಿಸಬೇಡಿ. ಹಸು ಹೊತ್ತಿಗೆ ಸರಿಯಾಗಿ ಬೆದೆಗೆ ಬರದಿರುವುದಕ್ಕೆ ಇದರ ಕೊರತೆಯೂ ಒಂದು ಕಾರಣ.

ಹಸಿ ಮೇವು 25 ಕೆಜಿ, ಒಣ ಮೇವು ಐದಾರು ಕೆಜಿ. ನಮ್ಮ ಕಡೆಯವರಿಗೆ ರಾಗಿ ಹುಲ್ಲೇ ಭಾಗ್ಯ. ಭತ್ತದ ಹುಲ್ಲಿಗಿಂತ ಅದರಲ್ಲಿ ಸತ್ವ ಜಾಸ್ತಿ, ಹಸು ಇಷ್ಟಪಟ್ಟೂ ತಿನ್ನುತ್ತದೆ. ಹುಲ್ಲನ್ನು ಚಾಫ್ ಕಟರಿನಲ್ಲಿ ಕತ್ತರಿಸಿ ಹಾಕಿ. ಉದ್ದುದ್ದ ಹಾಕಿದರೆ ಮೆತ್ತಗಿನದ್ದು ತಿಂದು ದಂಟು ತುಳಿದು ಬಿಡುತ್ತದೆ.

ಎಷ್ಟು ಹಸು ಕಟ್ಟಬಹುದು ಅನ್ನುವ ಪ್ರಶ್ನೆಗೆ ನೇಪಿಯರ್ ಹುಲ್ಲಿನ ಸಾಲೇ ಉತ್ತರ ಹೇಳುತ್ತದೆ. ಒಂದು ತುದಿಯಿಂದ ದಿನಾ ಕೊಯ್ಯುತ್ತಾ ಹೋಗಿ. ಕೊಯ್ದ ಸಾಲು ಮತ್ತೆ ಕೊಯ್ಲಿಗೆ ಬರಲು ಸುಮಾರು 45 ದಿನ ಬೇಕು. ಆ ಕಡೆಯ ತುದಿ ಮುಟ್ಟುವುದಕ್ಕೆ ನಿಮಗೂ 45 ದಿನ ಹಿಡಿದರೆ ಸರಿಯಾಗಿದೆ. ಮೂವತ್ತೇ ದಿನಕ್ಕೆ ಮುಗಿದರೆ ಹಸು ಜಾಸ್ತಿ ಆಗಿದೆ, ಹುಲ್ಲು ಸಾಲದು. ಸಾಲ ಮಾಡಿ ಇನ್ನೊಂದು ಹಸು ತರುವ ಮೊದಲು ಈ ಲೆಕ್ಕ ಒಂದು ಸಲ ನೋಡಿ. ಬದುವಿನ ಮೇಲೆ ನಾಲ್ಕು ಅಗಸೆ ಮರ, ಜೋಳದ ನಡುವೆ ಅಲಸಂದೆ ಇದ್ದರೆ ತಿಂಡಿಯ ಖರ್ಚು ಸ್ವಲ್ಪ ತಗ್ಗುತ್ತದೆ.

ಎರಡು ವಿಷಯದಲ್ಲಿ ತುಂಬಾ ಎಚ್ಚರ ಬೇಕು. ಎಳೆ ಜೋಳದ ಪೈರು, ಅದರಲ್ಲೂ ಮಳೆ ಇಲ್ಲದೆ ಬಾಡಿದ್ದು, ಹಸುವಿಗೆ ವಿಷ. ಹೂವು ಬಿಡುವವರೆಗೆ ಹಾಕಬೇಡಿ. ಎರಡನೆಯದು ಮದುವೆ ಮನೆಯ ಉಳಿದ ಅನ್ನ. ಸುಮ್ನೆ ಹಾಳಾಗುತ್ತಲ್ಲ, ಹಸು ತಿನ್ನಲಿ ಅಂತ ಪ್ರೀತಿಯಿಂದ ಬಕೆಟ್ ತುಂಬಾ ತಂದು ಸುರಿಯುತ್ತಾರೆ. ಹಸು ಆಸೆಯಿಂದಲೇ ತಿನ್ನುತ್ತದೆ. ಅನ್ನ ಹೊಟ್ಟೆಯಲ್ಲಿ ಹುಳಿಯಾಗಿ, ಮೆಲುಕು ನಿಂತು, ಹಸು ನೆಲ ಹಿಡಿಯುತ್ತದೆ, ಒಂದೆರಡು ದಿನದಲ್ಲಿ ಪ್ರಾಣವೇ ಹೋಗಬಹುದು. ಹಬ್ಬದ ದಿನ ನೈವೇದ್ಯಕ್ಕೆ ಒಂದು ತುತ್ತು ಸಾಕು. ಜಾಸ್ತಿ ತಿಂದಿದೆ ಅಂತ ಗೊತ್ತಾದ ಕೂಡಲೇ 1962ಕ್ಕೆ ಫೋನ್ ಮಾಡಿ. ಅದು ಪಶು ಚಿಕಿತ್ಸಾ ವಾಹನದ ಸಹಾಯವಾಣಿ.

ಹಗಲು

ಹಗಲಿನ ಮುಖ್ಯ ಕೆಲಸ ನೀರು. ಹಾಲು ಕೊಡುವ ಹಸುವಿಗೆ ದಿನಕ್ಕೆ 60ರಿಂದ 80 ಲೀಟರ್ ಬೇಕು, ಬೇಸಿಗೆಯಲ್ಲಿ ಇನ್ನೂ ಜಾಸ್ತಿ. ದಿನಕ್ಕೆರಡು ಸಲ ಬಕೆಟ್ ಹಿಡಿಯುವುದಕ್ಕಿಂತ ಯಾವಾಗಲೂ ಬಾಯಿಗೆ ಸಿಗುವಂತೆ ತೊಟ್ಟಿ ಕಟ್ಟಿಸಿ. ನಮ್ಮಲ್ಲಿ ಹಸುಗಳ ಮುಂದೆಯೇ ತೊಟ್ಟಿ ಮಾಡಿಸಿದ ಮೇಲೆ ತಿಂಡಿ ಏನೂ ಬದಲಾಗದೆ ಹಾಲು ಏರಿತು.

ಏಪ್ರಿಲ್, ಮೇ ಬಿಸಿಲಿಗೆ ಎಚ್‌ಎಫ್ ಹಸು ಬೇಗ ಸೋಲುತ್ತದೆ. ಬಾಯಿ ತೆರೆದು ಏದುಸಿರು ಬಿಟ್ಟರೆ ಮೈಮೇಲೆ ನೀರು ಹಾಕಿ, ಫ್ಯಾನ್ ಹಾಕಿ. ಶೀಟಿನ ಮೇಲೆ ತೆಂಗಿನ ಗರಿ ಹೊದಿಸಿ.

ಉಣ್ಣೆ ಬರೀ ಹಸುವಿನ ಮೈಮೇಲೆ ಇರುವುದಿಲ್ಲ. ಗೋಡೆಯ ಬಿರುಕಿನಲ್ಲಿ ಮೊಟ್ಟೆ ಇಡುತ್ತದೆ. ಬಿರುಕು ಮುಚ್ಚಿ ಸುಣ್ಣ ಬಳಿಯಿರಿ. ಕಾಲುಬಾಯಿ ಜ್ವರದ ಲಸಿಕೆ ಆರು ತಿಂಗಳಿಗೊಮ್ಮೆ ಮನೆ ಬಾಗಿಲಿಗೇ ಬರುತ್ತದೆ. ಹಾಲು ಎರಡು ದಿನ ಕಡಿಮೆಯಾಗುತ್ತೆ ಅಂತ ಹಸುವನ್ನು ಹಿತ್ತಲಲ್ಲಿ ಬಚ್ಚಿಡುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. 2022ರಲ್ಲಿ ಚರ್ಮಗಂಟು ರೋಗ ಬಂದಾಗ ಎಷ್ಟು ಕೊಟ್ಟಿಗೆ ಖಾಲಿಯಾದವು ಅನ್ನುವುದು ನಮಗೆಲ್ಲ ನೆನಪಿದೆ ಅಲ್ವಾ?

ಕಿವಿಯೋಲೆಯ 12 ಅಂಕಿಯ ನಂಬರನ್ನು ಫೋಟೊ ತೆಗೆದಿಟ್ಟುಕೊಳ್ಳಿ. ವಿಮೆ ಕೇಳುವಾಗ ಮೊದಲು ಬೇಕಾಗುವುದು ಅದೇ.

ಐದು ಗಂಟೆ, ಸಂಜೆ: ಬೆದೆ ನೋಡುವ ಹೊತ್ತು

ಸಂಜೆಯ ಹಾಲು ಬೆಳಗಿನ ಹಾಗೆಯೇ. ಎರಡರ ನಡುವೆ ಹನ್ನೆರಡು ಗಂಟೆ ಇದ್ದರೆ ಒಳ್ಳೆಯದು. ಆದರೆ ಸಂಜೆಗೆ ಇನ್ನೊಂದು ಕೆಲಸ ಇದೆ. ಹತ್ತು ನಿಮಿಷ ಸುಮ್ನೆ ಕೂತು ಹಸುಗಳನ್ನು ನೋಡುವುದು.

ಹಸು 21 ದಿನಕ್ಕೊಮ್ಮೆ ಬೆದೆಗೆ ಬರುತ್ತದೆ. ಬೆದೆ ಇರುವುದು ಹನ್ನೆರಡರಿಂದ ಹದಿನೆಂಟು ಗಂಟೆ ಅಷ್ಟೇ. ತಪ್ಪಿದರೆ ಇನ್ನೂ 21 ದಿನ ಕಾಯಬೇಕು, ಮುಂದಿನ ಕರುವೂ ಅಷ್ಟು ತಡ. ಮೊಟ್ಟೆಯ ಬಿಳಿಯಂಥ ಲೋಳೆ ಬಾಲಕ್ಕೆ ಅಂಟಿರುವುದು, ಪದೇ ಪದೇ ಕೂಗುವುದು, ಸ್ವಲ್ಪ ಸ್ವಲ್ಪವೇ ಗಂಜಲ ಹಾಕುವುದು, ಇನ್ನೊಂದು ಹಸು ಮೇಲೆ ಹತ್ತಿದರೆ ಸುಮ್ನೆ ನಿಲ್ಲುವುದು, ಹಾಲು ಇದ್ದಕ್ಕಿದ್ದಂತೆ ಕಡಿಮೆಯಾಗುವುದು, ಇವು ಗುರುತು. ಕೆಲವು ಹಸು ಕೂಗುವುದೇ ಇಲ್ಲ. ನಮ್ಮ ಕೆಂದಿ ಹಾಗೆ. ಅವಳ ಬಾಲ ನೋಡಿಯೇ ತಿಳಿಯಬೇಕು. ಬೆಳಿಗ್ಗೆ ಕಂಡರೆ ಸಂಜೆ, ಸಂಜೆ ಕಂಡರೆ ಮರುದಿನ ಬೆಳಿಗ್ಗೆ ಕೃತಕ ಗರ್ಭಧಾರಣೆ ಮಾಡಿಸಿ. ಕ್ಯಾಲೆಂಡರಿನಲ್ಲಿ ಆ ದಿನಕ್ಕೆ ಸುತ್ತು ಹಾಕಿ, 21ನೇ ದಿನಕ್ಕೆ ಇನ್ನೊಂದು ಸುತ್ತು. ಮೂರು ತಿಂಗಳಿಗೆ ಡಾಕ್ಟರಿಂದ ಗಬ್ಬ ಪರೀಕ್ಷೆ.

ಗಬ್ಬಕ್ಕೆ ಏಳು ತಿಂಗಳು ತುಂಬಿದ ಮೇಲೆ ಹಾಲು ಬತ್ತಿಸಿ. ಇನ್ನೂ ಎರಡು ಲೀಟರ್ ಕೊಡುತ್ತಿದೆಯಲ್ಲ ಅಂತ ಆಸೆ ಬೇಡ. ಈ ಎರಡು ತಿಂಗಳ ವಿಶ್ರಾಂತಿ ಮುಂದಿನ ಸೂಲಿನ ಹಾಲಿಗೇ ಬರುತ್ತದೆ.

ಕರು ಹಾಕಿದ ದಿನ ನಮ್ಮ ಕಡೆ ಒಂದು ತಪ್ಪು ನಂಬಿಕೆ ಇದೆ. ಮಾಸು (ಕರುವಿನ ನಂತರ ಹೊರಬರುವ ಚೀಲ) ಬೀಳುವ ತನಕ ಕರುವಿಗೆ ಹಾಲು ಕುಡಿಸುವುದಿಲ್ಲ. ದಯವಿಟ್ಟು ಕಾಯಬೇಡಿ. ಹೊಕ್ಕುಳ ಬಳ್ಳಿಯನ್ನು ಎರಡು ಇಂಚು ಬಿಟ್ಟು ಕಟ್ಟಿ, ಕತ್ತರಿಸಿ, ಟಿಂಕ್ಚರ್ ಅಯೋಡಿನ್ ಹಚ್ಚಿ. ಒಂದು ಗಂಟೆಯೊಳಗೆ ಗಿಣ್ಣು ಹಾಲು ಕುಡಿಸಿ. ಕರು ತೂಕದ ಹತ್ತನೇ ಒಂದು ಭಾಗ, ಅಂದರೆ 30 ಕೆಜಿ ಕರುವಿಗೆ 3 ಲೀಟರ್, ಮೊದಲ ದಿನ ಎರಡು ಮೂರು ಸಲವಾಗಿ. ರೋಗ ತಡೆಯುವ ಶಕ್ತಿ ಕರುವಿಗೆ ಸಿಗುವುದು ಆ ಹಾಲಿನಿಂದಲೇ, ಹೊತ್ತು ಕಳೆದಷ್ಟೂ ಅದು ಮೈಗೆ ಹತ್ತುವುದು ಕಡಿಮೆ. ಗಿಣ್ಣು ಹಂಚುವುದು ನಮ್ಮಲ್ಲಿ ಸಂತೋಷದ ಪದ್ಧತಿ. ಕರುವಿನ ಹೊಟ್ಟೆ ತುಂಬಿದ ಮೇಲೆ ಹಂಚಿ. ಹನ್ನೆರಡು ಗಂಟೆ ಕಳೆದರೂ ಮಾಸು ಬೀಳದಿದ್ದರೆ ಡಾಕ್ಟರನ್ನು ಕರೆಸಿ, ಎಳೆಯಬೇಡಿ. ಕರು ಹಾಕಿದ ಎರಡು ಮೂರು ದಿನದಲ್ಲಿ ಹಸು ಏಳಲಾಗದೆ, ಕುತ್ತಿಗೆಯನ್ನು ಪಕ್ಕೆಗೆ ತಿರುಗಿಸಿ ಮಲಗಿ, ಕಿವಿ ತಣ್ಣಗಾಗಿದ್ದರೆ ಅದು ಹಾಲುಜ್ವರ. ಹೆಸರಿಗೆ ಜ್ವರ, ಮೈ ಮಾತ್ರ ತಣ್ಣಗಿರುತ್ತದೆ. ಬಾಯಿಗೆ ಏನೂ ಹುಯ್ಯಬೇಡಿ, ನುಂಗಲಾಗದೆ ಶ್ವಾಸಕ್ಕೆ ಹೋಗುತ್ತದೆ. ಡಾಕ್ಟರ್ ನರಕ್ಕೆ ಕ್ಯಾಲ್ಸಿಯಂ ಕೊಟ್ಟರೆ ಬಹಳ ಸಲ ಕಣ್ಣೆದುರಿಗೇ ಎದ್ದು ನಿಲ್ಲುತ್ತದೆ.

ಮನೆಯಲ್ಲಿ ಇಬ್ಬರಿಗಾದರೂ ಹಾಲು ಕರೆಯಲು ಬರಬೇಕು, ಹಸುವಿಗೂ ಎರಡು ಕೈ ರೂಢಿಯಾಗಬೇಕು. ಇಲ್ಲದಿದ್ದರೆ ಒಬ್ಬರು ವರ್ಷಗಟ್ಟಲೆ ತವರಿಗೂ ಹೋಗಲಾಗುವುದಿಲ್ಲ. ವಾರಕ್ಕೆ ಎರಡು ಸಂಜೆ ನಮ್ಮ ಯಜಮಾನರು ಕರೆಯುತ್ತಾರೆ. ಮೊದಮೊದಲು ಅವರ ಕೈಗೆ ಹಸುಗಳು ತೊರೆಯೇ ಬಿಡುತ್ತಿರಲಿಲ್ಲ.

ಒಂಬತ್ತು ಗಂಟೆ: ಪುಸ್ತಕ ಮತ್ತು ಕೊನೆಯ ಸುತ್ತು

ಒಂದು ನೂರು ಪುಟದ ನೋಟ್‌ಬುಕ್ ಸಾಕು. ಪ್ರತಿ ಹಸುವಿನ ಬೆಳಗಿನ ಹಾಲು, ಸಂಜೆಯ ಹಾಲು, ತಿಂಡಿ, ಔಷಧಿ, ಆ ದಿನ ಕಂಡದ್ದು. ಹಸುವಿಗೊಂದು ಪುಟ. ಒಟ್ಟು ಲೀಟರ್ ಬರೆದರೆ ಸಾಲದು. ಒಂದು ಹಸುವಿನ ಲಾಭವನ್ನು ಇನ್ನೊಂದು ತಿನ್ನುತ್ತಿರುವುದು ಒಟ್ಟು ಲೆಕ್ಕದಲ್ಲಿ ಕಾಣುವುದಿಲ್ಲ. ಅತ್ತೆಗೆ ಓದು ಬರುವುದಿಲ್ಲ. ಅವರು ಹೇಳಿದ್ದನ್ನು ನನ್ನ ಮಗಳು ಬರೆಯುತ್ತಾಳೆ.

ಆಮೇಲೆ ಕೊಟ್ಟಿಗೆಗೆ ಇನ್ನೊಂದು ಸಲ ಹೋಗಿ. ಸಗಣಿ ಬಾಚಿ, ಮಲಗುವ ಜಾಗ ಒಣಗಿದೆಯಾ ಮುಟ್ಟಿ ನೋಡಿ. ಗೊಂತಿಗೆ ರಾಗಿ ಹುಲ್ಲು ಹಾಕಿ. ಹಗ್ಗ ಕಾಲಿಗೆ ಸುತ್ತಿಕೊಂಡಿದೆಯಾ, ತೊಟ್ಟಿಯಲ್ಲಿ ನೀರಿದೆಯಾ, ಕರುವಿನ ಕೆಳಗೆ ಒಣ ಗೋಣಿ ಇದೆಯಾ ನೋಡಿ. ಸೊಳ್ಳೆ ಇದ್ದರೆ ಬೇವಿನ ಸೊಪ್ಪಿನ ಹೊಗೆ ಹಾಕಿ, ಕೆಂಡ ಪೂರ್ತಿ ಆರುವವರೆಗೆ ಅಲ್ಲೇ ಇರಿ. ಗೌರಿ ಮೊದಲು ಮಲಗುತ್ತಾಳೆ, ಆಮೇಲೆ ಕೆಂದಿ. ಮೂರನೆಯವಳು ನಾನು ಲೈಟ್ ಆರಿಸುವ ತನಕ ನಿಂತೇ ಇರುತ್ತಾಳೆ.